ಅಳಿಯಂದಿರ ಬೊತಾನ್

ಪಿಯೋನಿ ಹೂವಿಗೆ ನಮ್ಮ ತಂಬಾ ಬೆಟ್ಟಗಳ ಕಡೆ ಬೊತಾನ್ ಎಂದು ಹೆಸರು. ಕಾಡುಹಂದಿಯ ಮಾಂಸಕ್ಕೂ ಬೊತಾನ್ ಎಂದೇ ಹೆಸರು. ನಾಲ್ಕು ಕಾಲಿನದನ್ನು ತಿನ್ನುವುದು ಪಾಪ ಎಂದು ಮೇಲಿನವರು ಕಟ್ಟಪ್ಪಣೆ ಮಾಡಿದ್ದ ಕಾಲದಲ್ಲಿ ನಮ್ಮ ಹಿರಿಯರು ಹಂದಿಗೆ ಹೂವಿನ ಹೆಸರಿಟ್ಟು ಧೈರ್ಯವಾಗಿ ತಿಂದರು. ತೆಳ್ಳಗೆ ಕೊಯ್ದ ಕೆಂಪು ತುಂಡುಗಳನ್ನು ತಟ್ಟೆಯಲ್ಲಿ ಸುತ್ತಲೂ ಜೋಡಿಸಿದರೆ ಹೂವಿನಂತೆಯೇ ಕಾಣುತ್ತದೆ ಎಂಬುದು ಅವರ ಸಮರ್ಥನೆ. ಪಾಪವೂ ತಪ್ಪಿತು, ಹೊಟ್ಟೆಯೂ ತುಂಬಿತು. ಅಂದಿನಿಂದ ಮೇ ತಿಂಗಳಲ್ಲಿ ಬೊತಾನ್ ಎಂದರೆ ಹೂವು, ಜನವರಿಯಲ್ಲಿ ಬೊತಾನ್ ಎಂದರೆ ಹುದುಗಿಸಿದ ಸೋಯಾ ಕಾಳಿನ ಮಿಸೊ ಹಾಕಿ ಕುದಿಸಿದ ಹಂದಿ. ಇದು ನಮ್ಮ ಕುರಿತಾನಿ ಊರಿನ ಕೂಸಿಗೂ ಗೊತ್ತು. ಗೊತ್ತಿದ್ದೂ ಬೇಕಾದ ಹೊತ್ತಿಗೆ ಹೊಳೆಯದವನು ಊರಿಗೆಲ್ಲ ಒಬ್ಬನೇ ಇದ್ದ. ಅವನೇ ಆಶಿದಾ ಮನೆಯ ಅಳಿಯ ಟೊಕುಹೇಯಿ.

ನನ್ನದು ಅವನ ಮನೆಯ ಎದುರಿಗೆ ತೋಫು ಅಂಗಡಿ. ಇಪ್ಪತ್ತಾರು ವರ್ಷದಿಂದ ಅವನನ್ನು ನೋಡುತ್ತಿದ್ದೇನೆ. ಕೋಬೆ ನಗರದಲ್ಲಿ ಟೋಪಿ ಅಂಗಡಿಯ ಗುಮಾಸ್ತನಾಗಿದ್ದವನು. ಆಶಿದಾ ಮನೆಯಲ್ಲಿ ಗಂಡುಮಕ್ಕಳಿಲ್ಲದ್ದರಿಂದ ಒಬ್ಬಳೇ ಮಗಳು ನೊಬುಯೆಯ ಕೈಹಿಡಿದು, ಆ ಮನೆಯ ಹೆಸರನ್ನೇ ತನ್ನ ಹೆಸರಿಗೆ ಹಚ್ಚಿಕೊಂಡು ಮನೆಅಳಿಯನಾಗಿ ಬಂದ. ಗದ್ದೆ ನಾಟಿ ಕಲಿತ, ಸೂರು ಹೊದಿಸಿದ, ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತನೂ ಆದ. ಆದರೆ ಅತ್ತೆ ಮಾಸು ಅಜ್ಜಿ ಒಂದು ದಿನವೂ ಅವನ ಬಗ್ಗೆ ಒಳ್ಳೆಯ ಮಾತಾಡಲಿಲ್ಲ. ಕೆಟ್ಟದ್ದನ್ನೂ ಆಡಲಿಲ್ಲ. ಅಷ್ಟು ಗಮನ ಕೊಡುವ ಅಗತ್ಯ ಆಕೆಗೆ ಕಾಣಲಿಲ್ಲ. ಆಕೆಯ ಗಂಡ, ತೀರಿಹೋದ ಆಶಿದಾ ಯಜಮಾನರು, ಸುತ್ತಲಿನ ಏಳು ಕಣಿವೆಗೆ ಹೆಸರಾದ ಹಂದಿ ಬೇಟೆಗಾರ. ಅಜ್ಜಿ ಊಟಕ್ಕೆ ಕೂತಾಗ ಒಮ್ಮೆ ಗೋಡೆಯ ಮೇಲಿನ ಅವರ ಫೋಟೋ ನೋಡುವಳು, ಒಮ್ಮೆ ಅಳಿಯನನ್ನು ನೋಡುವಳು, ಆಮೇಲೆ ನಿಟ್ಟುಸಿರು ಬಿಟ್ಟು ಉಪ್ಪಿನಕಾಯಿಗೆ ಕೈ ಹಾಕುವಳು. ಟೊಕುಹೇಯಿಗೆ ಬದುಕಿನಲ್ಲಿ ಉಳಿದಿದ್ದ ಆಸೆ ಒಂದೇ. ಎಂಬತ್ತಾರಾದ ಅತ್ತೆ ಕಣ್ಣು ಮುಚ್ಚುವುದರೊಳಗೆ ಒಂದು ಸಲವಾದರೂ ತನ್ನನ್ನು ನೋಡಿ ‘ಪರವಾಗಿಲ್ಲ’ ಅನ್ನಬೇಕು.

ಈ ಆಸೆಯಿಂದಲೇ ಅವನು ಬೊತಾನ್‌ಗೆ ಕೈ ಹಾಕಿದ. ಏಳು ವರ್ಷದ ಹಿಂದೆ ಯಾತ್ರೆಗೆ ಹೋದವನು ಒಂದು ದೇವಸ್ಥಾನದ ತೋಟದಲ್ಲಿ ಹಿಮದ ನಡುವೆ ಕೆಂಪಗೆ ಅರಳಿದ್ದ ಚಳಿಗಾಲದ ಬೊತಾನ್ ಕಂಡು ಅಲ್ಲೇ ನಿಂತುಬಿಟ್ಟನಂತೆ. ಪ್ರತಿ ಗಿಡಕ್ಕೂ ಹುಲ್ಲಿನ ಚಾಪೆಯ ಗೂಡು, ಗೂಡಿನೊಳಗೆ ಹೂವು. ಅಲ್ಲಿನ ತೋಟಗಾರ ಹೇಳಿದ: ವಸಂತದಲ್ಲಿ ಬಂದ ಮೊಗ್ಗನ್ನು ಚಿವುಟಬೇಕು, ಬೇಸಗೆಯ ಕೊನೆಗೆ ಎಲೆ ಕೀಳಬೇಕು, ಆಗ ಗಿಡ ಕಾಲ ತಪ್ಪಿ ಜನವರಿಯಲ್ಲಿ ಅರಳುತ್ತದೆ, ಗಿಡಕ್ಕೆ ಚಳಿಯ ಭಯವಿಲ್ಲ, ಹೂವಿಗೆ ಮಾತ್ರ ಹಿಮ ತಾಕಬಾರದು. ಟೊಕುಹೇಯಿ ಒಂದು ಗಿಡ ತಂದು ಮನೆಯ ಹಿಂದೆ, ಉಗ್ರಾಣದ ಮಗ್ಗುಲಲ್ಲಿ ನೆಟ್ಟ. ವಸಂತದಲ್ಲಿ ಮೊಗ್ಗು ಚಿವುಟಿದ. ಚಳಿಗಾಲದಲ್ಲಿ ಹೂ ಬರಲಿಲ್ಲ. ಹೀಗೆ ಆರು ವರ್ಷ ಬಂದ ಹೂವನ್ನು ಕಿತ್ತು, ಬಾರದ ಹೂವಿಗೆ ಕಾದು, ಗಿಡದಲ್ಲಿ ಹೂ ಬಿಡುತ್ತದೆ ಎಂಬ ಸಂಗತಿಯೇ ಊರಿಗೆ ತಿಳಿಯದಂತೆ ನೋಡಿಕೊಂಡ. ಏಳನೆಯ ಡಿಸೆಂಬರಿನಲ್ಲಿ ಒಂದೇ ಒಂದು ಮೊಗ್ಗು ಕಾಣಿಸಿಕೊಂಡಿತು.

ಮರುದಿನವೇ ನನ್ನ ಅಂಗಡಿಗೆ ಬಂದ. ತೋಫು ಮಾಡಿದ ಮೇಲೆ ಉಳಿಯುವ ಸೋಯಾ ಹಿಂಡಿ ಬೇಕಿತ್ತು.

“ಎಷ್ಟು ಬೇಕು ಅಳಿಯಂದ್ರೇ?” ಎಂದೆ. ಊರಲ್ಲಿ ಎಲ್ಲರೂ ಅವನನ್ನು ಕರೆಯುವುದು ಹಾಗೆಯೇ.

“ಎರಡು ಬಕೆಟ್ ಕೊಡಿ. ಬೊತಾನ್‌ಗೆ ಹಾಕ್ಬೇಕು.”

ನಾನು ಸೌಟು ಕೆಳಗಿಟ್ಟೆ. “ಬೊತಾನ್‌ಗಾ? ನಿಮ್ಮನೇಲಿ ಬೊತಾನ್ ಇದ್ಯಾ?”

“ಜೋರಾಗಿ ಹೇಳ್ಬೇಡಿ. ಉಗ್ರಾಣದ ಹಿಂದೆ ಇಟ್ಟಿದೀನಿ. ಅತ್ತೆಗೂ ಇನ್ನೂ ಹೇಳಿಲ್ಲ.”

“ದೊಡ್ಡದಾ?”

“ನನ್ನ ಸೊಂಟದ ತನಕ ಬರುತ್ತೆ. ತಂದಾಗ ಪುಟ್ಟದಿತ್ತು. ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡೇ ಬಂದೆ.”

“ಹಿಂಡಿ ಚೆನ್ನಾಗಿ ತಿನ್ನುತ್ತಾ?”

“ಹಾಕಿದ್ದೆಲ್ಲ ಎಳ್ಕೊಳ್ಳುತ್ತೆ,” ಎಂದು ಅವನು ಹೆಮ್ಮೆಯಿಂದ ಹೇಳಿ ಬಕೆಟ್ ಎತ್ತಿಕೊಂಡು ಹೋದ.

ಓದುಗರು ನನ್ನನ್ನು ದಡ್ಡ ಎನ್ನಬಾರದು. ಜನವರಿ ಹತ್ತಿರ ಬರುತ್ತಿರುವಾಗ, ನಮ್ಮ ಊರಲ್ಲಿ, ಹಂದಿಗೆ ಪ್ರಾಣವಾದ ಸೋಯಾ ಹಿಂಡಿಯನ್ನು ಬಕೆಟ್‌ಗಟ್ಟಲೆ ಒಯ್ಯುವವನ ಬಾಯಲ್ಲಿ ಆ ಮಾತು ಬಂದರೆ, ಗೌರವಸ್ಥನಾದ ಯಾವ ತೋಫು ವ್ಯಾಪಾರಿಯೂ ಹೂವಿನ ಕಡೆ ಯೋಚಿಸುವುದಿಲ್ಲ. ನಾನು ಈ ವಿಷಯವನ್ನು ಹೆಂಡತಿಯೊಬ್ಬಳಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರು ತುಂಬಿತ್ತು.

ಮೊಗ್ಗು ದಪ್ಪವಾದಂತೆ ಟೊಕುಹೇಯಿಯ ಆರೈಕೆಯೂ ದಪ್ಪವಾಯಿತು. ತೋಟಗಾರ ಹೇಳಿದ್ದು ಒಂದು ಚಾಪೆ. ಇವನು ಮೂರು ಸುತ್ತಿದ. ದಕ್ಷಿಣಕ್ಕೆ ತೆರೆದಿಡಬೇಕಾದ ಬಾಯಿಗೆ ಹಳೆಯ ಕಂಬಳಿ ಇಳಿಬಿಟ್ಟ. ಬೆಳಿಗ್ಗೆ ಎದ್ದು ಕಂಬಳಿಯೊಳಗೆ ತಲೆ ತೂರಿಸಿ ಮಾತಾಡತೊಡಗಿದ. ಬೇಲಿಯಾಚೆ ಹಿಮ ಎತ್ತುತ್ತಿದ್ದವರ ಕಿವಿಗೆ “ಚಳಿ ಆಯ್ತಾ? ಇನ್ನು ಒಂದೇ ವಾರ ತಡ್ಕೋ. ಭಾನುವಾರ ಎಲ್ರೂ ಬರ್ತಾರೆ, ಹೆದರ್ಕೋಬೇಡ,” ಎಂಬುದು ಸ್ಪಷ್ಟವಾಗಿ ಬಿತ್ತು. ಊರು ಎರಡು ಪಕ್ಷವಾಯಿತು. ಹಂದಿ ಜೀವಂತವಾಗಿದೆ ಎಂಬುದು ಒಂದು ಪಕ್ಷ. ಕೊಂದು ಹುಲ್ಲಿನೊಳಗೆ ನೇತುಹಾಕಿ ಮಾಂಸ ಹದ ಮಾಡುತ್ತಿದ್ದಾನೆ, ಪಾಪಪ್ರಜ್ಞೆಯಿಂದ ಸತ್ತ ಹಂದಿಯ ಜೊತೆ ಮಾತಾಡುತ್ತಿದ್ದಾನೆ ಎಂಬುದು ಇನ್ನೊಂದು. ನಾನು ಹಿಂಡಿ ಕೊಟ್ಟವನಾದ್ದರಿಂದ ಮೊದಲನೆಯ ಪಕ್ಷದಲ್ಲಿದ್ದೆ.

ಇಷ್ಟಾದ ಮೇಲೆ ಸುತ್ತೋಲೆ ಬಂತು. ನಮ್ಮ ಊರಲ್ಲಿ ಸಾರ್ವಜನಿಕ ಸಮಾಚಾರವನ್ನು ಒಂದು ಹಲಗೆಗೆ ಸಿಕ್ಕಿಸಿ ಮನೆಯಿಂದ ಮನೆಗೆ ದಾಟಿಸುತ್ತೇವೆ. ಓದಿದವರು ಮೊಹರು ಒತ್ತಿ ಪಕ್ಕದ ಮನೆಗೆ ಕೊಡುವುದು ಕ್ರಮ. ಕಸ ಹಾಕುವ ದಿನಗಳ ಪಟ್ಟಿಯ ಕೆಳಗೆ ಟೊಕುಹೇಯಿ ತನ್ನ ಮುತ್ತಿನಂಥ ಅಂಚೆ ಅಕ್ಷರದಲ್ಲಿ ಬರೆದಿದ್ದ: ‘ನಮ್ಮ ಮನೆಯಲ್ಲಿ ಅಪರೂಪದ ಬೊತಾನ್ ಸಿದ್ಧವಾಗಿದೆ. ಒಂದೇ ಆದರೂ ಊರಿಗೆಲ್ಲ ಸಾಕು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ತೆರೆಯುತ್ತೇನೆ. ಎಲ್ಲರೂ ದಯಮಾಡಿಸಿ.’

ಹಲಗೆ ಊರು ಸುತ್ತಿ ಅವನ ಮನೆಗೆ ಮರಳಿದಾಗ ಮೊಹರುಗಳ ಪಕ್ಕದಲ್ಲಿ ಟಿಪ್ಪಣಿಗಳಿದ್ದವು. ಒಬ್ಬರು ‘ಈರುಳ್ಳಿ ನಮ್ಮ ಕಡೆಯಿಂದ’ ಎಂದು ಬರೆದಿದ್ದರು. ಇನ್ನೊಬ್ಬರು ಅಣಬೆ, ಮತ್ತೊಬ್ಬರು ಮೂಲಂಗಿ. ‘ದೊಡ್ಡ ಪಾತ್ರೆ ನಾನು ತರುತ್ತೇನೆ’ ಎಂದು ಊರ ಸಂಘದ ಅಧ್ಯಕ್ಷನೂ ಬೇಟೆಗಾರರ ಮುಖಂಡನೂ ಆದ ಗೊನ್‌ಜೊ ಬರೆದಿದ್ದ. ಟೊಕುಹೇಯಿ ಎರಡು ಸಲ ಓದಿ ತಲೆದೂಗಿದ. ಹೂ ನೋಡಲು ತರಕಾರಿ ತರುವುದು ಇಲ್ಲಿಯ ಪದ್ಧತಿಯಿರಬೇಕು ಅಂದುಕೊಂಡ. ಮನೆಅಳಿಯನಿಗೆ ಇಪ್ಪತ್ತಾರು ವರ್ಷದಲ್ಲಿ ಸಿದ್ಧಿಸಿದ್ದ ಗುಣವೆಂದರೆ, ಅರ್ಥವಾಗದ್ದನ್ನೆಲ್ಲ ಊರ ಪದ್ಧತಿ ಎಂದು ಒಪ್ಪಿಕೊಂಡುಬಿಡುವುದು.

ಗೊನ್‌ಜೊ ಪಾತ್ರೆ ತರುತ್ತೇನೆ ಎಂದು ಬರೆದನಾದರೂ ಅವನ ಹೊಟ್ಟೆ ಉರಿಯುತ್ತಿತ್ತು. ತನ್ನ ಬೆಟ್ಟದ ಹಂದಿಯನ್ನು ಟೋಪಿ ಅಂಗಡಿ ಗುಮಾಸ್ತ ಹಿಡಿದುಬಿಟ್ಟನಲ್ಲ. ಅವನು ಪೊಲೀಸ್ ಠಾಣೆಗೆ ಹೋಗಿ, ಜನವಸತಿಯ ನಡುವೆ ಕಾಡುಪ್ರಾಣಿ ಇದೆ ಎಂದು ದೂರು ಕೊಟ್ಟ. ಗುರುವಾರ ಮಧ್ಯಾಹ್ನ ಪೇದೆ ಹಟಾನೊ ಸೈಕಲ್ ತಳ್ಳಿಕೊಂಡು ಬಂದ. ಎಳೆಯ ಮನುಷ್ಯ, ಪಟ್ಟಣದವನು, ನಾಯಿ ಬೊಗಳಿದರೂ ಟೋಪಿ ಸರಿಮಾಡಿಕೊಳ್ಳುವ ಸ್ವಭಾವ. ಜೊತೆಗಿರಲಿ ಎಂದು ನನ್ನನ್ನೂ ಕರೆದುಕೊಂಡ.

“ಬೊತಾನ್ ಇಟ್ಕೊಂಡಿರೋದು ನಿಜವಾ?” ಎಂದು ಪುಸ್ತಕ ಬಿಚ್ಚಿದ.

“ನಿಜ ಸ್ವಾಮಿ. ನೀವೂ ಭಾನುವಾರ ಬನ್ನಿ,” ಎಂದ ಟೊಕುಹೇಯಿ.

“ಎಷ್ಟು ವರ್ಷದಿಂದ ಇದೆ?”

“ಏಳು ವರ್ಷ.”

ಹಟಾನೊ ನನ್ನ ಮುಖ ನೋಡಿದ. “ಯಾರಿಗಾದ್ರೂ ತೊಂದ್ರೆ ಕೊಟ್ಟಿದ್ಯಾ?”

“ತೊಂದ್ರೆ ಎಲ್ಲಿ ಬಂತು. ಪ್ರತಿ ವರ್ಷ ನಾನೇ ಅದರ ತಲೆ ಚಿವುಟ್ತೀನಿ. ಸುಮ್ನೆ ನಿಂತಿರುತ್ತೆ.”

“ತಲೆ ಚಿವುಟ್ತೀರಾ,” ಎಂದು ಹಟಾನೊ ಬರೆದುಕೊಂಡ. “ಸರಿಯಾಗಿ ಕಟ್ಟಿದೀರಾ?”

“ಮೂರು ಚಾಪೆ ಸುತ್ತಿ ಕಟ್ಟಿದೀನಿ. ಬೇಕಿದ್ರೆ ಬಂದು ದೂರದಿಂದ ನೋಡಿ. ಕಂಬಳಿ ಮಾತ್ರ ಎತ್ತಲ್ಲ. ಈಗ ತಣ್ಣನೆ ಗಾಳಿ ಬಿದ್ರೆ ಭಾನುವಾರದ ಹೊತ್ತಿಗೆ ಏನಾಗುತ್ತೋ ನಾನು ಹೇಳಲಾರೆ.”

ಹುಲ್ಲಿನ ಗೂಡು ಉಗ್ರಾಣದ ಗೋಡೆಯ ಪಕ್ಕ ನಿಂತಿತ್ತು. ಅಷ್ಟರಲ್ಲಿ ಗಾಳಿ ಬೀಸಿ ಕಂಬಳಿ ಒಂದು ಸಲ ಉಬ್ಬಿ ಇಳಿಯಿತು. ಹಟಾನೊ ಸೈಕಲ್ ಹತ್ತಿ ಆಗಿತ್ತು. ‘ಪ್ರಾಣಿ ಸೌಮ್ಯ ಸ್ವಭಾವದ್ದು, ಮಾಲೀಕರು ಅನುಭವಸ್ಥರು’ ಎಂದು ಅವನು ಬರೆದ ವರದಿಯನ್ನು ಮುಂದೆ ನಾನೇ ಕಣ್ಣಾರೆ ಕಂಡೆ.

ಪೊಲೀಸು ಬಂದು ಹೋದ ಮೇಲೆ ಮಾಸು ಅಜ್ಜಿಯಿಂದ ಮುಚ್ಚಿಡುವುದು ಆಗಲಿಲ್ಲ. ಚಳಿಗಾಲವಿಡೀ ಆಕೆ ಅಡಿಯಲ್ಲಿ ಕಾವಿಟ್ಟು ಮೇಲೆ ರಜಾಯಿ ಹೊದಿಸಿದ ಮೇಜಿನೊಳಗೆ ಕಾಲು ಹಾಕಿಕೊಂಡು ಕೂತಿರುವವಳು, ಹಿತ್ತಿಲಿಗೆ ಹೋಗುವವಳಲ್ಲ. ಟೊಕುಹೇಯಿ ಮುಂದೆ ಮಂಡಿಯೂರಿ ಕೂತು ಹೇಳಿದ: “ಅತ್ತೆ, ನಿಮಗೇ ಅಂತ ಒಂದು ಬೊತಾನ್ ಬೆಳೆಸಿದೀನಿ. ಏಳು ವರ್ಷ ಆಯ್ತು. ಭಾನುವಾರ ನೀವೇ ಮೊದಲು ನೋಡ್ಬೇಕು.”

ಅಜ್ಜಿ ಬಹಳ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಗೋಡೆಯ ಫೋಟೋ ನೋಡಿದಳು. ನಿಟ್ಟುಸಿರು ಬರಲಿಲ್ಲ.

“ನೀನಾ?” ಎಂದಳು.

“ನಾನೇ ಅತ್ತೆ.”

ಅಜ್ಜಿ ರಜಾಯಿಯೊಳಗೆ ಕೈ ಹಾಕಿ ತನ್ನ ಬಿಸಿನೀರಿನ ಡಬ್ಬಿಯನ್ನು ಹೊರಗೆಳೆದಳು. ಬಟ್ಟೆ ಸುತ್ತಿದ ತಗಡಿನ ಡಬ್ಬಿ, ಅದನ್ನು ಆಕೆ ಮಗಳಿಗೂ ಮುಟ್ಟಗೊಡುತ್ತಿರಲಿಲ್ಲ. “ತಗೊಂಡು ಹೋಗಿ ಅದರ ಹತ್ರ ಇಡು. ಚಳಿಗೆ ಸೊರಗಿಬಿಟ್ರೆ ಏನು ಚೆನ್ನ,” ಎಂದಳು. ಹಂದಿಯ ಕೊಬ್ಬು ಇಳಿದೀತು ಎಂಬುದು ಆಕೆಯ ಚಿಂತೆ. ಟೊಕುಹೇಯಿ ಡಬ್ಬಿಯನ್ನು ಎದೆಗೊತ್ತಿಕೊಂಡು ಹಿತ್ತಿಲಿಗೆ ಹೋಗಿ ಸ್ವಲ್ಪ ಹೊತ್ತು ಅತ್ತ. ಇದನ್ನು ಬೇಲಿಯ ಸಂದಿಯಿಂದ ನಾನು ನೋಡಿದೆ. ಹಂದಿಯ ಮೇಲೆ ಇಷ್ಟು ಪ್ರೀತಿ ಇಟ್ಟುಕೊಂಡವನು ಭಾನುವಾರ ಹೇಗೆ ಕೊಯ್ಯುತ್ತಾನೋ ಎಂದು ನನಗೂ ಬೇಸರವಾಯಿತು.

ಆ ಸಂಜೆಯಿಂದ ಆಶಿದಾ ಮನೆಯ ಫೋನಿಗೆ ಬಿಡುವಿರಲಿಲ್ಲ. ಅಜ್ಜಿ ಒಬ್ಬೊಬ್ಬರಿಗೇ ಫೋನ್ ಮಾಡಿ, “ನಮ್ಮ ಅಳಿಯನ ಬೊತಾನ್ ವಿಷಯ ಕೇಳಿದ್ರಾ?” ಎನ್ನುತ್ತಿದ್ದಳು. ಗೊನ್‌ಜೊಗೆ ಎರಡು ಸಲ ಮಾಡಿದಳು. “ನೀನು ಈ ವರ್ಷ ಎಷ್ಟು ಹೊಡೆದೆ ಗೊನ್‌ಜೊ? ಒಂದೂ ಇಲ್ವಾ? ಬೇಜಾರ್ ಮಾಡ್ಕೋಬೇಡ ಕಣಪ್ಪಾ. ಎಲ್ರಿಗೂ ನಮ್ಮ ಅಳಿಯನ ಕೈ ಬರಲ್ಲ.” ಬಾಗಿಲ ಹಿಂದೆ ನಿಂತು ಕೊನೆಯ ಮಾತನ್ನಷ್ಟೇ ಕೇಳಿಸಿಕೊಂಡ ಟೊಕುಹೇಯಿ ಅಂದಿನಿಂದ ನಡೆಯುವಾಗ ನೆಲ ನೋಡುವುದನ್ನು ಬಿಟ್ಟ.

ಶನಿವಾರ ಬೆಳಿಗ್ಗೆ ನೊಬುಯೆ ನನ್ನ ಅಂಗಡಿಗೆ ಬಂದಳು. ಕೈಯಲ್ಲಿ ಒಂದು ಮಿಸೊ ಭರಣಿ, ಮುಖ ಬಿಳಿಚಿಕೊಂಡಿತ್ತು. ಯಾರೋ ‘ಹಂದಿಗೆ ಒಗ್ಗುವ ಮಿಸೊ’ ಎಂದು ಹೇಳಿ ಕೊಟ್ಟುಹೋಗಿದ್ದರು.

“ತೋಫು ಅಣ್ಣ, ನಿಜ ಹೇಳಿ. ಊರವರೆಲ್ಲ ಹಂದಿ ಅಂದ್ಕೊಂಡಿದಾರಾ?”

“ಮತ್ತೆ? ಹಂದಿ ಅಲ್ವಾ?”

“ಹೂವು ಅಣ್ಣ. ಗಿಡ. ಒಂದು ಗಿಡ, ಒಂದು ಹೂವು.”

ನನ್ನ ಕಣ್ಣು ಹಂಡೆಗಳ ಕಡೆ ಹೋಯಿತು. ಭಾನುವಾರಕ್ಕೆಂದು ಊರಿನ ಪ್ರತಿ ಮನೆಯಿಂದಲೂ ತೋಫುವಿಗೆ ಹೇಳಿಹೋಗಿದ್ದರು. ಮೂರು ಹಂಡೆ ಸೋಯಾ ಕಾಳು ನೆನೆದು ಉಬ್ಬಿ ನಿಂತಿತ್ತು. ನೆನೆದ ಕಾಳು ಮತ್ತೆ ಒಣಗುವುದಿಲ್ಲ.

“ಅಮ್ಮನಿಗೆ ಹೇಳಿಬಿಡು,” ಎಂದೆ, ತೀರ ಮೆಲ್ಲಗೆ.

“ಹೇಳಬೇಕು ಅಂತಾನೇ ಹೋದೆ. ಅವಳು ಫೋನಲ್ಲಿ ಇವರನ್ನ ಹೊಗಳ್ತಾ ಇದ್ಲು.” ನೊಬುಯೆ ಭರಣಿಯನ್ನು ಕಟ್ಟೆಯ ಮೇಲಿಟ್ಟಳು. “ಇಪ್ಪತ್ತಾರು ವರ್ಷದಲ್ಲಿ ಮೊದಲನೇ ಸಲ. ಇವರು ಬಾಗಿಲ ಹಿಂದೆ ಕೇಳ್ತಾ ನಿಂತಿದ್ರು. ನನ್ನ ಬಾಯಿ ಕಟ್ಟಿಹೋಯ್ತು.”

“ಹಾಗಾದ್ರೆ ಒಂದು ದಿನ ಕಟ್ಟಿಕೊಂಡೇ ಇರಲಿ,” ಎಂದೆ. ಇದರಲ್ಲಿ ನನ್ನ ಕಾಳಿನ ಪಾತ್ರ ಎಷ್ಟು, ಕರುಣೆಯ ಪಾತ್ರ ಎಷ್ಟು ಎಂದು ಯಾರೂ ಕೇಳದಿದ್ದರೆ ಒಳ್ಳೆಯದು.

ಭಾನುವಾರ ಮೊಣಕಾಲುದ್ದ ಹಿಮ ಬಿದ್ದಿತ್ತು. ಹತ್ತು ಗಂಟೆಗೆ ಆಶಿದಾ ಹಿತ್ತಿಲಲ್ಲಿ ನಿಲ್ಲಲು ಜಾಗವಿರಲಿಲ್ಲ. ಎಲ್ಲರ ಕೈಯಲ್ಲೂ ಬಟ್ಟಲು, ಊಟದ ಕಡ್ಡಿ. ಕಂಕುಳಲ್ಲಿ ಈರುಳ್ಳಿಯ ಕಟ್ಟು. ಗೊನ್‌ಜೊ ಮದುವೆಗೆ ತೆಗೆಯುವ ಪಾತ್ರೆಯನ್ನು ಒಲೆಯ ಮೇಲಿಟ್ಟು ನೀರು ಕುದಿಸಿಯೂ ಆಗಿತ್ತು. ಪೇದೆ ಹಟಾನೊ ಎಲ್ಲರಿಗಿಂತ ಹಿಂದೆ, ಓಡಲು ಅನುಕೂಲವಾದ ಜಾಗದಲ್ಲಿ ನಿಂತಿದ್ದ. ಮಾಸು ಅಜ್ಜಿಯನ್ನು ನೊಬುಯೆ ಕೈಹಿಡಿದು ಕರೆತಂದು ಮುಂದೆ ಕುರ್ಚಿಯಲ್ಲಿ ಕೂರಿಸಿದಳು. ಅಜ್ಜಿ ಹಬ್ಬದ ಕಿಮೋನೊ ಉಟ್ಟಿದ್ದಳು.

ಟೊಕುಹೇಯಿ ಮದುವೆಯ ದಿನದ ಕೋಟು ತೊಟ್ಟು ಬಂದು ಊರಿಗೆ ಬಾಗಿದ, ಅತ್ತೆಗೆ ಇನ್ನೂ ಕೆಳಗೆ ಬಾಗಿದ. ಕಂಬಳಿಯ ಅಂಚು ಹಿಡಿದು ಎತ್ತಿದ.

ಮುಂದಿನ ಸಾಲಿನವರು ಒಂದು ಹೆಜ್ಜೆ ಹಿಂದೆ ಸರಿದರು. ಹುಲ್ಲಿನ ಗೂಡಿನೊಳಗೆ, ಒಣಗಿದ ಕಡ್ಡಿಯಂಥ ಕಾಂಡದ ತುದಿಯಲ್ಲಿ, ಅನ್ನದ ಬಟ್ಟಲಿನಷ್ಟು ದೊಡ್ಡ ಕೆಂಪು ಹೂವು ಅರಳಿ ಕೂತಿತ್ತು. ಸುತ್ತ ಎಲ್ಲ ಬಿಳಿ, ಅದೊಂದು ಕೆಂಪು. ಗಿಡದ ಬುಡದಲ್ಲಿ ಬಿಸಿನೀರಿನ ಡಬ್ಬಿ. ಪಾತ್ರೆಯಲ್ಲಿ ನೀರು ಕುದಿಯುತ್ತಲೇ ಇತ್ತು.

“ಚೆನ್ನಾಗಿದೆ,” ಎಂದ ಗೊನ್‌ಜೊ ಕೊನೆಗೆ. “ಹಂದಿ ಎಲ್ಲಿ?”

“ಯಾವ ಹಂದಿ?” ಎಂದ ಟೊಕುಹೇಯಿ.

ಅವನು ಜನರ ಕೈಯ ಬಟ್ಟಲುಗಳನ್ನು ನೋಡಿದ. ಈರುಳ್ಳಿ ನೋಡಿದ, ಪಾತ್ರೆ ನೋಡಿದ. ಹೊಳೆಯಬೇಕಾದದ್ದು ಆಗ ಹೊಳೆಯಿತು. ನಿಧಾನವಾಗಿ ಅತ್ತೆಯ ಕಡೆ ತಿರುಗಿದ. ಅಜ್ಜಿಯ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಅವನು ಹಿಮದಲ್ಲೇ ಮಂಡಿಯೂರಿದ. “ಅತ್ತೆ, ನನ್ನಿಂದ ತಪ್ಪಾಯ್ತು. ನೀವು ಅಂದ್ಕೊಂಡಿದ್ದು ಇದಲ್ಲ ಅಂತ ನನಗೆ...” ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನೋಡಲು ನನ್ನಿಂದಾಗದೆ ನಾನು ನನ್ನ ತೋಫು ತಟ್ಟೆಗಳನ್ನು ಎಣಿಸತೊಡಗಿದೆ.

ಅಜ್ಜಿ ಕೋಲಿನಿಂದ ನೆಲ ಕುಟ್ಟಿದಳು. “ಗೊನ್‌ಜೊ. ಹಂದಿ ಅಂತ ನಿನಗೆ ಯಾರು ಹೇಳಿದ್ದು?”

“ನೀವೇ ಅಜ್ಜಿ. ಎರಡು ಸಲ ಫೋನ್ ಮಾಡಿ...”

“ನಾನು ಬೊತಾನ್ ಅಂದೆ. ಹಂದಿ ಅಂದ್ನಾ?”

“ಹಂದಿ ಅಂತ ಅನ್ಲಿಲ್ಲ. ಆದ್ರೆ...”

“ಹೂವಿನ ಮನೆಗೆ ಪಾತ್ರೆ ಹೊತ್ಕೊಂಡು ಬಂದಿದೀಯಲ್ಲ, ನಾಚಿಕೆ ಆಗಲ್ವಾ? ಹಂದಿ ಹೊಡೆಯೋಕೇನು, ಬಂದೂಕಿದ್ರೆ ಯಾವ ದಡ್ಡನಾದ್ರೂ ಹೊಡೀತಾನೆ. ನಮ್ಮ ಯಜಮಾನ್ರೂ ಹೊಡೀತಿದ್ರು.” ಗೋಡೆಯ ಫೋಟೋದಲ್ಲಿದ್ದವರಿಗೂ ಅಂದು ರಿಯಾಯಿತಿ ಸಿಗಲಿಲ್ಲ. “ಇಷ್ಟು ಹಿಮದಲ್ಲಿ ಒಂದು ಹೂ ಅರಳಿಸೋ ಅಳಿಯ ನಿಮ್ಮ ಯಾರ ಮನೇಲಿದಾನೆ? ಇದ್ರೆ ಕೈ ಎತ್ತಿ.”

ಯಾರೂ ಕೈ ಎತ್ತಲಿಲ್ಲ. ನಾನು ಅಂಗಡಿಯವನಾಗಿ ಗಿರಾಕಿಗಳ ಸಂಕಟ ಅರ್ಥ ಮಾಡಿಕೊಳ್ಳಬಲ್ಲೆ. ಮೊದಲು ನಾನೇ, “ಹೂವು ಅಂತ ನನಗೆ ಮೊದಲಿಂದ್ಲೂ ಗೊತ್ತಿತ್ತು,” ಎಂದೆ. ಪಕ್ಕದವರು ತಮಗೂ ಗೊತ್ತಿತ್ತು ಎಂದರು. ಎರಡು ನಿಮಿಷದಲ್ಲಿ ಹಂದಿಯ ಸುದ್ದಿಯನ್ನೇ ಕೇಳದ ಊರಾಗಿಬಿಟ್ಟಿತು ನಮ್ಮದು. ಹಾಗಾದರೆ ಈರುಳ್ಳಿ ಯಾಕೆ ಎಂದು ಹಟಾನೊ ಕೇಳಿದ್ದಕ್ಕೆ, ಬರಿಗೈಯಲ್ಲಿ ಹೂ ನೋಡಲು ಬರಬಾರದಲ್ಲ ಎಂದು ಒಬ್ಬಾಕೆ ಗದರಿದಳು. ಆಮೇಲೆ ತೋಫು, ಅಣಬೆ, ಮೂಲಂಗಿ ಎಲ್ಲ ಗೊನ್‌ಜೊನ ಪಾತ್ರೆಗೆ ಬಿದ್ದವು. ಜನ ಸಾಲಾಗಿ ಹೂವಿನ ಮುಂದೆ ಬಂದು ಬಾಗಿ, ಅದನ್ನೇ ನೋಡುತ್ತ ಬಟ್ಟಲು ಬರಿದು ಮಾಡಿದರು. ತೋಫು ಒಂದು ತುಂಡೂ ಉಳಿಯಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ತಟ್ಟೆ ಜೋಡಿಸುತ್ತಿದ್ದೆ. ಅಜ್ಜಿ ಇನ್ನೂ ಕುರ್ಚಿಯಲ್ಲೇ ಇದ್ದಳು. ಹಿಮ ಮತ್ತೆ ಉದುರತೊಡಗಿದ್ದರಿಂದ ಟೊಕುಹೇಯಿ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ.

“ಒಳಗೆ ಹೋಗೋಣ ಅತ್ತೆ. ಚಳಿ ಜಾಸ್ತಿ ಆಯ್ತು.”

“ನಾನು ಹಂದಿ ತಿಂದು ಎಷ್ಟು ವರ್ಷ ಆಯ್ತು ಗೊತ್ತಾ ನಿನಗೆ?”

“ಕ್ಷಮಿಸಿ ಅತ್ತೆ.”

ಅಜ್ಜಿ ಹೂವನ್ನು ಇನ್ನೊಂದು ಸಲ, ತಲೆಯಿಂದ ಬುಡದ ತನಕ ನೋಡಿದಳು. “ಪರವಾಗಿಲ್ಲ,” ಎಂದಳು. “ಬರೋ ವರ್ಷ ಎರಡು ಇರಲಿ. ಒಂದು ನೋಡೋಕೆ, ಒಂದು ತಿನ್ನೋಕೆ.”

ಟೊಕುಹೇಯಿ ಕೊಡೆ ಹಿಡಿದಿರುವುದನ್ನೇ ಮರೆತ. ಹಿಮವೆಲ್ಲ ಅಜ್ಜಿಯ ಹಬ್ಬದ ಕಿಮೋನೊ ಮೇಲೆ ಬಿತ್ತು. ಅದಕ್ಕೂ ಅವನು ಬೈಸಿಕೊಂಡ.

ಸೋಮವಾರ ಬೆಳಿಗ್ಗೆ ಅವನು ನೇರವಾಗಿ ಗೊನ್‌ಜೊನ ಮನೆಗೆ ಹೋಗಿ, ಬೇಟೆಗಾರರ ಸಂಘಕ್ಕೆ ಸೇರಿಸಿಕೊಳ್ಳಿ ಎಂದು ಕೇಳಿದ. ಗೊನ್‌ಜೊ ಬಾಗಿಲನ್ನು ಅರ್ಧ ಮಾತ್ರ ಸರಿಸಿ, ಇವನನ್ನು ಮೇಲಿನಿಂದ ಕೆಳಗೆ ಅಳೆದ.

“ಬಂದೂಕು ಮುಟ್ಟಿದೀರಾ ಅಳಿಯಂದ್ರೇ?”

“ಇಲ್ಲ.”

“ಹೆಜ್ಜೆ ಗುರುತು ಹಿಡಿಯೋಕೆ ಬರುತ್ತಾ?”

“ಇಲ್ಲ.”

“ಮತ್ತೇನು ಬರುತ್ತೆ?”

“ಚಳೀಲಿ ಕಾಯೋಕೆ ಬರುತ್ತೆ,” ಎಂದ ಟೊಕುಹೇಯಿ.

ಗೊನ್‌ಜೊ ಬಾಗಿಲನ್ನು ಪೂರ್ತಿ ತೆಗೆದ.